ಬಾಗಿಲ ಹಿಂದಿನ ಚಾಂಪಿಯನ್ ವಿಲ್ಸನ್ ಜೋನ್ಸ್

ಸ್ವತಂತ್ರ ಭಾರತದ ಮೊತ್ತಮೊದಲ ವಿಶ್ವ ಚಾಂಪಿಯನ್ ಯಾರು? ಈ ಪ್ರಶ್ನೆಯನ್ನು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿಯೋ ರಾಮದುರ್ಗದ ಚಹಾದಂಗಡಿಯಲ್ಲಿಯೋ ಕೇಳಿ ನೋಡಿ. ಒಬ್ಬರು ಮಿಲ್ಖಾ ಸಿಂಗ್ ಎಂದಾರು. ಕುಸ್ತಿ ಬಲ್ಲ ಹಿರಿಯರು ಖಾಶಾಬಾ ಜಾಧವ್ ಎಂದಾರು. ಕಾಲೇಜಿನ ಹುಡುಗರು ವಿಶ್ವನಾಥನ್ ಆನಂದ್ ಹೆಸರು ಹೇಳಿಯಾರು. ಎಲ್ಲರೂ ದೊಡ್ಡವರೇ. ಆದರೆ ಸರಿಯಾದ ಉತ್ತರ ಇವರಾರೂ ಅಲ್ಲ.

ಆ ಗೌರವ ಸಲ್ಲಬೇಕಾದದ್ದು ವಿಲ್ಸನ್ ಜೋನ್ಸ್ ಅವರಿಗೆ. ಆಟ ಬಿಲಿಯರ್ಡ್ಸ್. ವರ್ಷ 1958. ಸ್ಥಳ ಕಲ್ಕತ್ತಾ. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಉದ್ದನೆಯ ಕೋಲಿನಿಂದ ಚೆಂಡು ಹೊಡೆಯುವ ಆ ಆಟದಲ್ಲಿ ಅವರು ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದಾಗ, ಸ್ವತಂತ್ರ ಭಾರತದ ಯಾವ ಆಟಗಾರನೂ ಅದಕ್ಕೆ ಮೊದಲು ಒಬ್ಬನೇ ನಿಂತು ಯಾವ ಆಟದಲ್ಲಿಯೂ ವಿಶ್ವ ಚಾಂಪಿಯನ್ ಆಗಿರಲಿಲ್ಲ. ಹಾಕಿಯಲ್ಲಿ ನಮ್ಮವರು ಒಲಿಂಪಿಕ್ ಚಿನ್ನಗಳನ್ನು ತಂದಿದ್ದರು. ಅದು ತಂಡದ ಗೆಲುವು. ಒಬ್ಬ ವ್ಯಕ್ತಿಯ ಹೆಸರಿನ ಮುಂದೆ 'ವಿಶ್ವ ಚಾಂಪಿಯನ್' ಎಂದು ಬರೆಯುವ ಭಾಗ್ಯ ದೇಶಕ್ಕೆ ಜೋನ್ಸ್ ಅವರಿಂದ ಬಂತು.

ಇಂಥವರನ್ನು ನಾವು ಮರೆತದ್ದಾದರೂ ಹೇಗೆ? ಬೇರೆ ಯಾರು ಮರೆತರೂ ನಾವು ಬೆಳಗಾವಿ ಜಿಲ್ಲೆಯವರು ಮರೆಯಬಾರದಿತ್ತು. ಏಕೆಂದರೆ ನೆನಪು ಇಟ್ಟುಕೊಳ್ಳುವುದರಲ್ಲಿ ನಮ್ಮದು ಗಟ್ಟಿಗರ ಸೀಮೆ. 1824ರ ಕಿತ್ತೂರಿನ ಕಾಳಗವನ್ನು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದ ರಾಣಿ ಚೆನ್ನಮ್ಮನನ್ನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಸುಮಾರು ಎರಡು ಶತಮಾನಗಳ ಕಾಲ ಲಾವಣಿ, ಗೀಗೀ ಪದಗಳಲ್ಲಿ ಜೀವಂತವಾಗಿ ಇಟ್ಟುಕೊಂಡವರು ನಾವು. ಅಂಥ ಸೀಮೆಯಲ್ಲಿ ವಿಲ್ಸನ್ ಜೋನ್ಸ್ ಎಂಬ ಹೆಸರು ಅಪರಿಚಿತವಾಗಿದ್ದರೆ ಅದಕ್ಕೆ ಏನೋ ಕಾರಣ ಇರಲೇಬೇಕು. ಆ ಕಾರಣ ಹುಡುಕುತ್ತ ಹೋದರೆ ಆ ಆಟದ ಕತೆಯೇ ಬಿಚ್ಚಿಕೊಳ್ಳುತ್ತದೆ.

ಪುಣೆಯಲ್ಲಿ ಹುಟ್ಟಿದ ಹುಡುಗ

ವಿಲ್ಸನ್ ಲಯೋನೆಲ್ ಗಾರ್ಟನ್ ಜೋನ್ಸ್ ಹುಟ್ಟಿದ್ದು 1922ರ ಮೇ 2ರಂದು, ಪುಣೆಯಲ್ಲಿ. ಆಂಗ್ಲೋ ಇಂಡಿಯನ್ ಸಮುದಾಯದವರು. ಬೆಳೆದು ಹೆಸರು ಮಾಡಿದ್ದು ಮುಂಬಯಿಯಲ್ಲಿ. 1950ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಬಿಲಿಯರ್ಡ್ಸ್ ಚಾಂಪಿಯನ್ ಆದರು. 1966ರ ಹೊತ್ತಿಗೆ ಆ ಪ್ರಶಸ್ತಿಯನ್ನು ಒಟ್ಟು 12 ಬಾರಿ ಗೆದ್ದಿದ್ದರು. ಬಿಲಿಯರ್ಡ್ಸ್‌ನ ತಮ್ಮನಂತಿರುವ ಸ್ನೂಕರ್‌ನಲ್ಲಿಯೂ 5 ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು.

ಇಲ್ಲಿ ಒಂದು ಮಾತನ್ನು ನೆನಪಿಸಬೇಕು. 1950ರಲ್ಲಿ ಜೋನ್ಸ್ ಮೊದಲ ಸಲ ಗೆದ್ದಾಗ ಬೈಲಹೊಂಗಲವಾಗಲಿ ಸವದತ್ತಿಯಾಗಲಿ ಮೈಸೂರಿಗೆ ಸೇರಿರಲಿಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಭಾವೆ ಮನೆತನದ ಸಂಸ್ಥಾನವಾಗಿದ್ದ ರಾಮದುರ್ಗ 1948ರಲ್ಲಿ ವಿಲೀನಗೊಂಡು ಅದೇ ರಾಜ್ಯದ ಭಾಗವಾಗಿತ್ತು. 1956ರ ನವೆಂಬರ್ 1ರವರೆಗೆ ಮುಂಬಯಿಯ ಚಾಂಪಿಯನ್ ಎಂದರೆ ಲೆಕ್ಕದ ಪ್ರಕಾರ ನಮ್ಮ ರಾಜ್ಯದ ಚಾಂಪಿಯನ್ನೇ. ಆದರೂ ಅವರ ಆಟದ ಸದ್ದು ಮಲಪ್ರಭೆಯ ದಂಡೆಯವರೆಗೆ ಬರಲಿಲ್ಲ.

ಕೇರಂ ಬಲ್ಲವರಿಗೆ ಬಿಲಿಯರ್ಡ್ಸ್

ಮೊದಲು ಆಟ ಯಾವುದೆಂದು ತಿಳಿಯಬೇಕು. ನಮ್ಮಲ್ಲಿ ಬಿಲಿಯರ್ಡ್ಸ್ ಮೇಜು ನೋಡದವರು ಇರಬಹುದು, ಕೇರಂ ಬೋರ್ಡು ನೋಡದವರು ಇರಲಿಕ್ಕಿಲ್ಲ. ಮಳೆಗಾಲದ ಮಧ್ಯಾಹ್ನ, ದೀಪಾವಳಿಯ ರಜೆ, ಓಣಿಯ ಕಟ್ಟೆ, ಬೋರಿಕ್ ಪೌಡರಿನ ಘಾಟು, ಕೆಂಪು ರಾಣಿಗಾಗಿ ಜಗಳ. ಇವಿಷ್ಟು ಗೊತ್ತಿದ್ದರೆ ಬಿಲಿಯರ್ಡ್ಸ್ ಅರ್ಧ ಗೊತ್ತಾದಂತೆಯೇ. ಎರಡೂ ಒಂದೇ ಬಳಗದ ಆಟಗಳು. 'ಕೇರಂ' ಎಂಬ ಹೆಸರಿನ ನೆಂಟಸ್ತಿಕೆ ಕೂಡ ಬಿಲಿಯರ್ಡ್ಸ್‌ನ 'ಕ್ಯಾರಂ' ಎಂಬ ಹೊಡೆತದ ಜತೆ ಇದೆ. ಒಂದು ಚೆಂಡು ಇನ್ನೊಂದಕ್ಕೆ ತಾಗಿ, ಅಲ್ಲಿಂದ ಹೊರಳಿ ಮತ್ತೊಂದಕ್ಕೆ ತಾಗುವುದೇ ಆ ಹೊಡೆತ.

ಜೋನ್ಸ್ ಆಡುತ್ತಿದ್ದ ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಇರುವುದು ಮೂರೇ ಚೆಂಡು. ಒಂದು ನಿಮ್ಮದು, ಒಂದು ಎದುರಾಳಿಯದು, ಮೂರನೆಯದು ಕೆಂಪು. ಮೇಜು ಸುಮಾರು 12 ಅಡಿ ಉದ್ದ, 6 ಅಡಿ ಅಗಲ. ಆರು ಜೇಬು. ತುದಿಗೆ ಚರ್ಮ ಅಂಟಿಸಿದ ಕೋಲಿಗೆ 'ಕ್ಯೂ' ಎಂದು ಹೆಸರು. ಅದರಿಂದ ನಿಮ್ಮ ಚೆಂಡನ್ನು ಮಾತ್ರ ಹೊಡೆಯಬೇಕು. ಅದು ಉಳಿದೆರಡಕ್ಕೂ ತಾಗಿದರೆ 2 ಅಂಕ. ಎದುರಾಳಿಯ ಚೆಂಡನ್ನು ಜೇಬಿಗೆ ಬೀಳಿಸಿದರೆ 2, ಕೆಂಪನ್ನು ಬೀಳಿಸಿದರೆ 3. ಕೇರಂ ಆಟಗಾರನಿಗೆ ಸೋಜಿಗ ಎನಿಸುವ ನಿಯಮ ಇನ್ನೊಂದಿದೆ. ಕೇರಂನಲ್ಲಿ ಸ್ಟ್ರೈಕರ್ ಜೇಬಿಗೆ ಬಿದ್ದರೆ ದಂಡ. ಇಲ್ಲಿ ನಿಮ್ಮ ಚೆಂಡು ಬೇರೊಂದಕ್ಕೆ ತಾಗಿ ತಾನೇ ಜೇಬಿಗೆ ಬಿದ್ದರೆ ಅದಕ್ಕೂ ಅಂಕ! ಎದುರಾಳಿಯ ಚೆಂಡಿಗೆ ತಾಗಿ ಬಿದ್ದರೆ 2, ಕೆಂಪಿಗೆ ತಾಗಿ ಬಿದ್ದರೆ 3.

ಅಂಕ ಬರುತ್ತಿರುವ ತನಕ ಆಡುತ್ತಲೇ ಇರಬಹುದು. ಒಂದು ಸರದಿಯಲ್ಲಿ ಗಳಿಸಿದ ಅಂಕಗಳಿಗೆ 'ಬ್ರೇಕ್' ಎನ್ನುತ್ತಾರೆ. ಎರಡು, ಮೂರು ಅಂಕಗಳ ಲೆಕ್ಕದಲ್ಲಿ ನೂರು ಗಳಿಸಲು ತಪ್ಪಿಲ್ಲದೆ 35ರಿಂದ 50 ಹೊಡೆತ ಬೇಕು. ಅಷ್ಟು ಹೊತ್ತು ಎದುರಾಳಿ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿರಬೇಕು. ಪಂದ್ಯಗಳು ಗಂಟೆಗಳ ಲೆಕ್ಕದಲ್ಲಿ ನಡೆಯುತ್ತಿದ್ದವು.

ಈ ಆಟದ ಮರ್ಮ ಇರುವುದು ಬಲದಲ್ಲಲ್ಲ. ಚೆಂಡನ್ನು ಜೇಬಿಗೆ ಬೀಳಿಸುವುದು ಕಷ್ಟದ ಅರ್ಧ ಭಾಗ ಮಾತ್ರ. ಬೀಳಿಸಿದ ಮೇಲೆ ಉಳಿದ ಚೆಂಡುಗಳು ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ಎಣಿಸಿರಬೇಕು. ಕೋಲಿನ ತುದಿ ಚೆಂಡಿನ ನಡುವಿಗೆ ತಾಗಿತೋ, ತುಸು ಕೆಳಗೋ, ತುಸು ಬಲಕ್ಕೋ ಎಂಬುದರ ಮೇಲೆ ಚೆಂಡು ಮುಂದೆ ಉರುಳುತ್ತದೆ, ಹಿಂದೆ ಸರಿಯುತ್ತದೆ, ಇಲ್ಲವೆ ಅಂಚಿಗೆ ಬಡಿದು ಬೇರೆಯೇ ದಾರಿ ಹಿಡಿಯುತ್ತದೆ. ಜೇಬಿಗೆ ಬಿದ್ದ ಕೆಂಪು ಚೆಂಡನ್ನು ಮೇಜಿನ ಮೇಲ್ತುದಿಯ ತನ್ನ ಗುರುತಿಗೆ ಮರಳಿ ಇಡಲಾಗುತ್ತದೆ. ನುರಿತ ಆಟಗಾರ ಮೂರೂ ಚೆಂಡುಗಳನ್ನು ಆ ಗುರುತಿನ ಆಸುಪಾಸಿಗೆ ತಂದುಕೊಂಡು, ಒಮ್ಮೆ ಕೆಂಪನ್ನು ಬೀಳಿಸಿ, ಮರುಹೊಡೆತಕ್ಕೆ ಎರಡನ್ನೂ ಮೆಲ್ಲಗೆ ಮುಟ್ಟಿ, ಹಾಲು ಉಕ್ಕದಂತೆ ಒಲೆಯ ಮುಂದೆ ಕುಳಿತವರ ತಾಳ್ಮೆಯಿಂದ ಅಂಕ ಕೂಡಿಸುತ್ತ ಹೋಗುತ್ತಾನೆ. ದೂರದಿಂದ ನೋಡಿದವರಿಗೆ 'ಏನೂ ಆಗುತ್ತಲೇ ಇಲ್ಲವಲ್ಲ' ಎನಿಸುತ್ತದೆ. ಹತ್ತಿರದಿಂದ ನೋಡಿದವರು ಉಸಿರು ಬಿಗಿಹಿಡಿದಿರುತ್ತಾರೆ.

ಬಿಲಿಯರ್ಡ್ಸ್, ಸ್ನೂಕರ್, ಪೂಲ್

ಈ ಮೂರು ಹೆಸರುಗಳನ್ನು ಬಹಳ ಮಂದಿ ಒಂದರೊಳಗೊಂದು ಬೆರೆಸಿಬಿಡುತ್ತಾರೆ. ಬಿಲಿಯರ್ಡ್ಸ್ ಮೂರು ಚೆಂಡಿನದು ಎಂದಾಯಿತು. ಸ್ನೂಕರ್ ಅದೇ ಮೇಜಿನ ಮೇಲೆ 22 ಚೆಂಡುಗಳಿಂದ ಆಡುವ ಆಟ. ಹದಿನೈದು ಕೆಂಪು, ಆರು ಬೇರೆ ಬೇರೆ ಬಣ್ಣದವು, ಹೊಡೆಯಲು ಒಂದು ಬಿಳಿ. ಪೂಲ್ ಅಮೆರಿಕದಲ್ಲಿ ಬೆಳೆದದ್ದು. ಅದರ ಮೇಜು ಚಿಕ್ಕದು, ಚೆಂಡುಗಳ ಮೇಲೆ ಅಂಕಿ ಇರುತ್ತದೆ. ಆಟಗಾರರೆಲ್ಲ ಪಣದ ಹಣವನ್ನು ಒಟ್ಟುಗೂಡಿಸಿ ಇಡುತ್ತಿದ್ದುದಕ್ಕೆ ಪೂಲ್ ಎಂದು ಹೆಸರು ಬಂತು. ಜೂಜಿನ ಈ ನೆರಳು ಆ ಆಟಕ್ಕೆ ಬಹುಕಾಲ ಅಂಟಿಕೊಂಡಿತ್ತು.

ಸ್ನೂಕರ್ ಮಾತ್ರ ನಮ್ಮ ನೆಲದಲ್ಲಿಯೇ ಹುಟ್ಟಿದ್ದು. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ, ಆಗ ಚಾಲ್ತಿಯಲ್ಲಿದ್ದ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡು ಸೇರಿಸಿ ಇದನ್ನು ಕಟ್ಟಿದ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಈತ ಬೇರೆ. ಸೇನಾ ಶಾಲೆಯ ಹೊಸ ವಿದ್ಯಾರ್ಥಿಗಳನ್ನು ಹಂಗಿಸಲು ಬಳಸುತ್ತಿದ್ದ 'ಸ್ನೂಕರ್' ಎಂಬ ಪದವನ್ನು, ಹೊಡೆತ ತಪ್ಪಿದ ಜತೆಗಾರನ ಮೇಲೆ ಆತ ತಮಾಷೆಗೆ ಎಸೆದನಂತೆ. ಅದೇ ಆಟದ ಹೆಸರಾಯಿತು. ಮುಂದೆ ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ಗೋಡೆಗೆ ತೂಗಿದವು. ಹುಟ್ಟಿದ್ದು ಇಲ್ಲಿ, ಆದರೆ ಇಲ್ಲಿನ ಜನಕ್ಕೆ ಸಿಕ್ಕದ್ದು ಬಹಳ ತಡವಾಗಿ.

ಮೇಜೇ ಕಟ್ಟಿದ ಗೋಡೆ

ತಡವಾದದ್ದು ಏಕೆ? ಬ್ರಿಟಿಷರ ಠೀವಿ ಒಂದು ಕಾರಣ. ಆದರೆ ಅದೊಂದೇ ಅಲ್ಲ. ಕ್ರಿಕೆಟ್ಟನ್ನೂ ಬ್ರಿಟಿಷರೇ ತಂದರು. ಅದು ಓಣಿಗೆ ಇಳಿಯಿತು, ಏಕೆಂದರೆ ಒಂದು ಹಲಗೆ, ಒಂದು ರಬ್ಬರ್ ಚೆಂಡು ಇದ್ದರೆ ಸಾಕಿತ್ತು. ಬಿಲಿಯರ್ಡ್ಸ್ ಹಾಗಲ್ಲ.

ಆ ಮೇಜಿನ ಹಸಿರು ಬಟ್ಟೆಯ ಕೆಳಗೆ ಇರುವುದು ಹಲಗೆಯಲ್ಲ, ಕಲ್ಲು. ನುಣುಪಾಗಿ ತೇದ ಸ್ಲೇಟ್ ಚಪ್ಪಡಿಗಳು, ಸಾಮಾನ್ಯವಾಗಿ ಐದು. ಮರದ ಹಲಗೆ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಾಗುತ್ತದೆ. ಕಲ್ಲು ಹಾಗೆ ಮಾಡುವುದಿಲ್ಲ. ಒಂದು ಮೇಜಿನ ಭಾರ ಒಂದು ಟನ್ನಿಗೂ ಹೆಚ್ಚು. ಕೋಲು ಹಿಂದಕ್ಕೆ ಎಳೆಯಲು ಸುತ್ತಲೂ ಜಾಗ ಬೇಕಾದ್ದರಿಂದ ಸುಮಾರು 22 ಅಡಿ ಉದ್ದ, 16 ಅಡಿ ಅಗಲದ ಕೋಣೆಯೇ ಬೇಕು. ಚೆಂಡುಗಳ ಕತೆ ಇನ್ನೂ ದುಬಾರಿ. ಹಿಂದೆ ಅವನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ದಂತಕ್ಕೆ ಬದಲಿ ಹುಡುಕಿದವರಿಗೆ ಬಹುಮಾನ ಕೊಡುವುದಾಗಿ ಅಮೆರಿಕದ ಬಿಲಿಯರ್ಡ್ಸ್ ಸಾಮಗ್ರಿಯ ವ್ಯಾಪಾರಿಗಳು ಸಾರಿದ್ದರಿಂದಲೇ ಜಾನ್ ವೆಸ್ಲಿ ಹಯಾಟ್ ಎಂಬಾತ ಪ್ರಯೋಗಕ್ಕೆ ಇಳಿದು ಸೆಲ್ಯುಲಾಯ್ಡ್ ರೂಪಿಸಿದ. ಮುಂದೆ ಸಿನಿಮಾ ರೀಲಾದದ್ದು ಅದೇ ವಸ್ತು.

ಇಷ್ಟೆಲ್ಲ ಖರ್ಚು ಹೊರಬಲ್ಲವರು ಯಾರು? ಸೇನೆಯ ಮೆಸ್ಸು, ಅಧಿಕಾರಿಗಳ ಕ್ಲಬ್ಬು, ದೊಡ್ಡ ಹೋಟೆಲು, ರಾಜರ ಅರಮನೆ. ಅಲ್ಲಿ 'ಸದಸ್ಯರಿಗೆ ಮಾತ್ರ' ಎಂಬ ಫಲಕ. ಒಳಗೆ ಹೋಗಬಹುದಾದ ಸಾಮಾನ್ಯ ಮನುಷ್ಯ ಎಂದರೆ ಅಂಕ ಹಚ್ಚುವ, ಚೆಂಡು ಎತ್ತಿ ಇಡುವ, ಮೇಜಿಗೆ ಬ್ರಷ್ ಹೊಡೆಯುವ ಮಾರ್ಕರ್ ಒಬ್ಬನೇ.

ಇದನ್ನು ನಮ್ಮ ಕುಸ್ತಿಯ ಜತೆ ಇಟ್ಟು ನೋಡಿ. ಗರಡಿಗೆ ಬೇಕಾದದ್ದು ಕೆಂಪು ಮಣ್ಣು, ಸ್ವಲ್ಪ ಎಣ್ಣೆ, ಒಬ್ಬ ವಸ್ತಾದಿ. ಜಾತ್ರೆಯಲ್ಲಿ ಕಣ ಸಿದ್ಧವಾದರೆ ಊರಿಗೆ ಊರೇ ಸುತ್ತ ಕೂರುತ್ತದೆ. ಹಲಗಿಯ ಸದ್ದಿಗೆ ಅಕ್ಕಪಕ್ಕದ ಹಳ್ಳಿಯವರು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಪೈಲ್ವಾನ ಯಾರ ಮಗ, ಯಾವ ತಾಲೀಮಿನವ, ಯಾವ ಪಟ್ಟಿನಲ್ಲಿ ಗೆದ್ದ ಎಂಬುದು ಹೆಂಗಸರು ಮಕ್ಕಳಿಗೂ ಗೊತ್ತು. ಕರಾಡದ ಕಡೆಯ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ಬಂದಾಗ ಎತ್ತಿನ ಬಂಡಿಗಳ ಸಾಲು ಅವರನ್ನು ಮೆರವಣಿಗೆಯಲ್ಲಿ ಕರೆದೊಯ್ದಿತು. ಪದಕದ ಬೆಲೆ ಆ ಜನಕ್ಕೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ಪಟ್ಟುಗಳನ್ನು ಅವರು ತಮ್ಮೂರಿನ ಮಣ್ಣಿನಲ್ಲಿ ಕಂಡಿದ್ದರು.

1958ರ ಕಲ್ಕತ್ತಾ

ಈಗ ಜೋನ್ಸ್ ಅವರ ಗೆಲುವಿನ ಬೆಲೆ ಎಷ್ಟೆಂದು ತಿಳಿಯಲು ಅನುಕೂಲ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳ ನಡುವೆ 1926ರಿಂದ ನಡೆದುಬಂದಿದ್ದ ಹವ್ಯಾಸಿ ಬಿಲಿಯರ್ಡ್ಸ್ ಸ್ಪರ್ಧೆ 1951ರಿಂದ ವಿಶ್ವ ಚಾಂಪಿಯನ್‌ಷಿಪ್ ಎನಿಸಿಕೊಂಡಿತು. 1951ರಲ್ಲಿ ಲಂಡನ್ನಿನಲ್ಲಿ ಆಸ್ಟ್ರೇಲಿಯಾದ ಬಾಬ್ ಮಾರ್ಷಲ್ ಗೆದ್ದರು. 1952ರಲ್ಲಿ ಕಲ್ಕತ್ತಾದಲ್ಲಿ ಇಂಗ್ಲೆಂಡಿನ ಲೆಸ್ಲಿ ಡ್ರಿಫೀಲ್ಡ್. 1954ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಟಾಮ್ ಕ್ಲಿಯರಿ. ಆಟ ಕಟ್ಟಿದವರು, ನಿಯಮ ಬರೆದವರು, ಗೆಲ್ಲುವವರು ಎಲ್ಲ ಅವರೇ.

ನಾಲ್ಕನೆಯ ಸ್ಪರ್ಧೆ 1958ರಲ್ಲಿ ಮತ್ತೆ ಕಲ್ಕತ್ತಾಕ್ಕೆ ಬಂತು, ಗ್ರೇಟ್ ಈಸ್ಟರ್ನ್ ಹೋಟೆಲಿಗೆ. ಒಂದು ಕಾಲಕ್ಕೆ ಬ್ರಿಟಿಷ್ ಭಾರತದ ರಾಜಧಾನಿಯಾಗಿದ್ದ ನಗರದ ಆ ಹಳೆಯ ಹೋಟೆಲಿನಲ್ಲಿ, ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷಕ್ಕೆ, 36ರ ಪ್ರಾಯದ ವಿಲ್ಸನ್ ಜೋನ್ಸ್ ವಿಶ್ವ ಚಾಂಪಿಯನ್ ಆದರು.

ಅದೇ ವರ್ಷ ಮಿಲ್ಖಾ ಸಿಂಗ್ ಕಾರ್ಡಿಫ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ 440 ಗಜದ ಓಟದಲ್ಲಿ ಚಿನ್ನ ಗೆದ್ದಿದ್ದರು. ಮಿಲ್ಖಾ ಅವರ ಹೆಸರು ಇಂದಿಗೂ ಮಕ್ಕಳ ಬಾಯಲ್ಲಿದೆ. ಇರಬೇಕಾದದ್ದೇ. ಆದರೆ ಒಂದೇ ವರ್ಷದ ಎರಡು ದೊಡ್ಡ ಗೆಲುವುಗಳಲ್ಲಿ ಒಂದು ಉಳಿದು ಇನ್ನೊಂದು ಮರೆಯಾದದ್ದು ಗಮನಿಸತಕ್ಕ ಸಂಗತಿ. ಓಟ ಯಾರಿಗೂ ಅರ್ಥವಾಗುವ ಆಟ. ಶಾಲೆಯ ಬಯಲಿನಲ್ಲಿ ಓಡದ ಹುಡುಗ ಯಾರಿದ್ದಾನೆ? ಬಿಲಿಯರ್ಡ್ಸ್ ರೇಡಿಯೋಕ್ಕೂ ಒಗ್ಗುವಂಥದ್ದಲ್ಲ. ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೇಳಿಯೇ ನಮ್ಮ ಹಿರಿಯರು ಆ ಆಟವನ್ನು ಕಣ್ಣಿಗೆ ಕಟ್ಟಿಕೊಂಡರು. ಆದರೆ ಪಿಸುಮಾತೂ ಸಲ್ಲದ ಕೋಣೆಯಲ್ಲಿ, ಚೆಂಡಿಗೆ ಚೆಂಡು ತಾಗಿದ ಸಣ್ಣ ಸದ್ದಷ್ಟೇ ಕೇಳುವ ಆಟವನ್ನು ರೇಡಿಯೋದಲ್ಲಿ ಹೇಗೆ ಹೇಳುವುದು? ಸ್ನೂಕರ್‌ಗೆ ಇಂಗ್ಲೆಂಡಿನಲ್ಲಿ ಮನೆಮನೆಯ ಪ್ರೀತಿ ಸಿಕ್ಕಿದ್ದು ಕೂಡ 1969ರ ನಂತರ, ಬಣ್ಣದ ಟೆಲಿವಿಷನ್ ಬಂದ ಮೇಲೆ. ಭಾರತಕ್ಕೆ ಬಣ್ಣದ ಟಿ.ವಿ. ಬಂದದ್ದು 1982ರಲ್ಲಿ. ಅಷ್ಟು ಹೊತ್ತಿಗೆ ಜೋನ್ಸ್ ಸ್ಪರ್ಧೆಯ ಕಣ ಬಿಟ್ಟು ವರ್ಷಗಳಾಗಿದ್ದವು.

ಇನ್ನೊಂದು ಮಾತು. ಅವರು 'ಹವ್ಯಾಸಿ' ಚಾಂಪಿಯನ್ ಆಗಿದ್ದರು ಎಂಬುದನ್ನು ಕೆಲವರು ಕಡಿಮೆ ತೂಕದ ಮಾತಾಗಿ ನೋಡುತ್ತಾರೆ. ಹವ್ಯಾಸಿ ಎಂದರೆ ಅರೆಮನಸ್ಸಿನವ ಎಂದಲ್ಲ, ಆಟದಿಂದ ಹಣ ಗಳಿಸದವ ಎಂದು ಅರ್ಥ. ಆ ದಿನಗಳಲ್ಲಿ ವೃತ್ತಿಪರರ ವಿಶ್ವ ಬಿಲಿಯರ್ಡ್ಸ್ ಸ್ಪರ್ಧೆ ನಿಂತೇ ಹೋಗಿತ್ತು. 1951ರಲ್ಲಿ ಗೆದ್ದ ನ್ಯೂಜಿಲೆಂಡಿನ ಕ್ಲಾರ್ಕ್ ಮೆಕೋನಕಿ 1968ರವರೆಗೆ ಅದನ್ನು ಇಟ್ಟುಕೊಂಡಿದ್ದರು. ಜೀವಂತವಾಗಿದ್ದ ಪೈಪೋಟಿ ಹವ್ಯಾಸಿಗಳದ್ದೇ. ಅದೃಷ್ಟದಿಂದ ಒಮ್ಮೆ ಗೆದ್ದರು ಎನ್ನುವವರಿಗೂ ಜೋನ್ಸ್ ಉತ್ತರ ಕೊಟ್ಟರು. 1964ರಲ್ಲಿ ನ್ಯೂಜಿಲೆಂಡಿನ ಪುಕೆಕೊಹೆಯಲ್ಲಿ, ತವರಿನ ಮೇಜು, ತವರಿನ ಚಪ್ಪಾಳೆ ಏನೂ ಇಲ್ಲದ ಕಡೆ, ಎರಡನೆಯ ಬಾರಿ ವಿಶ್ವ ಚಾಂಪಿಯನ್ ಆದರು. 1965ರಲ್ಲಿ ಸರ್ಕಾರ ಪದ್ಮಶ್ರೀ ನೀಡಿತು. ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿದೆ.

ಆಟ ಬಿಟ್ಟ ಮೇಲಿನ ಆಟ

ಇಲ್ಲಿಗೇ ಮುಗಿದಿದ್ದರೆ ವಿಲ್ಸನ್ ಜೋನ್ಸ್ ದಾಖಲೆ ಪುಸ್ತಕದ ಒಂದು ಸಾಲಾಗಿ ಉಳಿಯುತ್ತಿದ್ದರು. ಅವರನ್ನು ಆ ಆಟದ ಜನ ಪ್ರೀತಿಯಿಂದ ನೆನೆಯುವುದಕ್ಕೆ ಕಾರಣ ಕಪ್ಪುಗಳಲ್ಲ. ಮೇಜಿನ ಬಳಿ ಅವರ ನಡೆ ನುಡಿ, ಮತ್ತು ಕೋಲು ಕೆಳಗಿಟ್ಟ ಮೇಲೆ ಅವರು ಮಾಡಿದ ಕೆಲಸ.

ಗರಡಿಯಲ್ಲಿ ಪೈಲ್ವಾನನಿಗೆ ವಯಸ್ಸಾದರೆ ಆತ ವಸ್ತಾದಿಯಾಗುತ್ತಾನೆ. ತಾನು ಕಲಿತ ಪಟ್ಟನ್ನು ಹುಡುಗರ ಮೈಗೆ ಇಳಿಸದೆ ಸತ್ತ ಪೈಲ್ವಾನನಿಗೆ ನಮ್ಮಲ್ಲಿ ಅರ್ಧ ಮರ್ಯಾದೆ ಮಾತ್ರ. ಜೋನ್ಸ್ ಆ ಹಾದಿಯನ್ನೇ ಹಿಡಿದರು. ಅವರ ಬಳಿ ಪಳಗಿದವರಲ್ಲಿ ಓಂ ಅಗರವಾಲ್ ಒಬ್ಬರು. 1984ರಲ್ಲಿ ಡಬ್ಲಿನ್‌ನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ. ಅಶೋಕ್ ಶಾಂಡಿಲ್ಯ ಇನ್ನೊಬ್ಬರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಮೊದಲ ಬಾರಿಗೆ ಈ ಆಟಗಳಿಗೆ ಜಾಗ ಸಿಕ್ಕಾಗ, ಬಿಲಿಯರ್ಡ್ಸ್ ಸಿಂಗಲ್ಸ್ ಚಿನ್ನವನ್ನು ಶಾಂಡಿಲ್ಯ ಗೆದ್ದರು. ಗೀತ್ ಸೇಥಿ ಅವರ ಜತೆಗೂಡಿ ಡಬಲ್ಸ್ ಚಿನ್ನವನ್ನೂ ತಂದರು. ಅದಕ್ಕೆ ಎರಡು ವರ್ಷ ಮೊದಲೇ, 1996ರಲ್ಲಿ, ಸರ್ಕಾರ ಜೋನ್ಸ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ನೀಡಿ ಗುರುವಿನ ಸ್ಥಾನವನ್ನು ಒಪ್ಪಿಕೊಂಡಿತ್ತು.

ನೇರವಾಗಿ ಕಲಿಯದಿದ್ದವರಿಗೂ ಅವರು ದಾರಿ ತೋರಿದ್ದರು. 1958ಕ್ಕೆ ಮೊದಲು ಭಾರತೀಯನೊಬ್ಬ ಈ ಆಟದಲ್ಲಿ ಜಗತ್ತನ್ನು ಗೆಲ್ಲಬಲ್ಲ ಎಂಬುದಕ್ಕೆ ಪುರಾವೆ ಇರಲಿಲ್ಲ. ಆಮೇಲೆ ಮೈಕೆಲ್ ಫೆರೇರಾ 1977, 1981, 1983ರಲ್ಲಿ, ಗೀತ್ ಸೇಥಿ 1985, 1987ರಲ್ಲಿ, ಮನೋಜ್ ಕೊಠಾರಿ 1990ರಲ್ಲಿ ಅದೇ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಭಾರತಕ್ಕೆ ತಂದರು. ಇಂಗ್ಲಿಷರ ಹೆಸರು ಹೊತ್ತ ಆಟ ಭಾರತೀಯರ ಆಟವೇ ಆಗಿಹೋಯಿತು.

2003ರ ಅಕ್ಟೋಬರ್

ವಿಲ್ಸನ್ ಜೋನ್ಸ್ ಮುಂಬಯಿಯಲ್ಲಿ ತೀರಿಕೊಂಡದ್ದು 2003ರ ಅಕ್ಟೋಬರ್ 5ರಂದು. ಅವರಿಗೆ 81 ವರ್ಷ. ಅದೇ ತಿಂಗಳು, ಚೀನಾದ ಜಿಯಾಂಗ್‌ಮೆನ್ ನಗರದಲ್ಲಿ ಬೆಂಗಳೂರಿನ 18ರ ಹುಡುಗನೊಬ್ಬ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದ. ಆತನೇ ಪಂಕಜ್ ಅಡ್ವಾಣಿ. ಆತನೂ ಹುಟ್ಟಿದ್ದು ಪುಣೆಯಲ್ಲಿ ಎಂಬುದು ಕಾಕತಾಳೀಯ. ಆದರೆ ಆತ ಪಳಗಿದ್ದು ಬೆಂಗಳೂರಿನಲ್ಲಿ, ಅರ್ಜುನ ಪ್ರಶಸ್ತಿ ಪುರಸ್ಕೃತ ಆಟಗಾರ ಅರವಿಂದ ಸವೂರ್ ಅವರ ಕೈಕೆಳಗೆ. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದ ಬಿಲಿಯರ್ಡ್ಸ್ ಪ್ರಶಸ್ತಿಯೊಂದಿಗೆ ಪಂಕಜ್ ಅವರ ವಿಶ್ವ ಪ್ರಶಸ್ತಿಗಳ ಲೆಕ್ಕ 28ಕ್ಕೆ ಏರಿತು. ಒಬ್ಬರು ಹೋದ ತಿಂಗಳಲ್ಲೇ ಇನ್ನೊಬ್ಬರ ಬರವು. ಪುರಾಣದಲ್ಲಿ ಹೀಗಾದರೆ ನಾವು ಕೈ ಮುಗಿಯುತ್ತೇವೆ. ಇದು ಪತ್ರಿಕೆಗಳಲ್ಲಿ ದಾಖಲಾದ ಸಂಗತಿ.

ಬೆಂಗಳೂರಿಗೆ ಈ ಆಟ ಒಲಿದದ್ದು ಸುಮ್ಮನೆ ಅಲ್ಲ. 1987ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಸ್ಪರ್ಧೆಯೇ ಅಲ್ಲಿ ನಡೆದಿತ್ತು. ವೇಲ್ಸ್‌ನ ಡ್ಯಾರೆನ್ ಮಾರ್ಗನ್ ಗೆದ್ದಿದ್ದರು. ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳು ಕಲಿಯುವ ಹುಡುಗರಿಗೂ ಸಿಕ್ಕವು. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಈ ಆಟ ಕಲಿತ ಉಮಾದೇವಿ ನಾಗರಾಜ್ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಕಚೇರಿ ಮುಗಿಸಿಕೊಂಡು ಬರುವ ಹೆಣ್ಣುಮಗಳಿಗೂ ಆ ಕೋಣೆಯ ಬಾಗಿಲು ತೆರೆದುಕೊಂಡರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೆನೆಯುವುದು ಎಂದರೆ

ಹಾಗಾದರೆ ಮೊದಲ ಪ್ರಶ್ನೆಗೆ ಬರೋಣ. ವಿಲ್ಸನ್ ಜೋನ್ಸ್ ನಮ್ಮ ನೆನಪಿನಲ್ಲಿ ಏಕೆ ಇಲ್ಲ? ಅವರ ಗೆಲುವು ಚಿಕ್ಕದೆಂದಲ್ಲ. ಅವರ ಊರು ದೂರವೆಂದೂ ಅಲ್ಲ. ಪುಣೆಗೆ ನಮ್ಮ ಭಾಗದ ಜನ ದುಡಿಯಲು, ಓದಲು, ಬೆಲ್ಲ ಮಾರಲು ಹೋಗುತ್ತಲೇ ಇದ್ದರು. ಅವರು ಆಡುತ್ತಿದ್ದಾಗ ನಾವು ಕಂಡಿರಲಿಲ್ಲ, ಅಷ್ಟೆ. ಚೆನ್ನಮ್ಮ, ರಾಯಣ್ಣರನ್ನು ಕಾಣದಿದ್ದವರಿಗೂ ಗೀಗೀ ಮೇಳದವರು ಕಾಣಿಸಿಕೊಟ್ಟರು. ಪೈಲ್ವಾನರನ್ನು ಜಾತ್ರೆ ಕಾಣಿಸಿತು. ಕ್ಲಬ್ಬಿನ ಬಾಗಿಲ ಹಿಂದೆ ನಡೆದದ್ದನ್ನು ಕಾಣಿಸುವವರು ಯಾರೂ ಇರಲಿಲ್ಲ. ಚಾಂಪಿಯನ್ ತನ್ನ ಕೈಚಳಕದಿಂದ ಗೆಲ್ಲುತ್ತಾನೆ ನಿಜ. ಆದರೆ ಆತ ಜನರವನಾಗುವುದು ಜನ ನೋಡಿದಾಗ.

ಇದು ಹಳೆಯ ಕತೆ ಮಾತ್ರವಲ್ಲ. ಸವದತ್ತಿಯಲ್ಲೋ ಕಿತ್ತೂರಿನಲ್ಲೋ ಕೇರಂ ಬೋರ್ಡಿನ ಮುಂದೆ ಕುಳಿತು, ಬೋರ್ಡಿನ ಅಂಚಿಗೆ ಬಡಿಸಿ ಹಿಂದಿನ ಮೂಲೆಗೆ ಕಾಯಿ ಇಳಿಸುವ ಹುಡುಗಿಯನ್ನೋ ಹುಡುಗನನ್ನೋ ನೀವು ನೋಡಿರುತ್ತೀರಿ. ಕೋನ ಅಳೆಯುವ ಆ ಕಣ್ಣು, ಕೊನೆಯ ಗಳಿಗೆಯಲ್ಲಿ ಬಿಗಿ ಸಡಿಲಿಸುವ ಆ ಬೆರಳು ಇವೇ ಬಿಲಿಯರ್ಡ್ಸ್‌ನ ಮೂಲ ಬಂಡವಾಳ. ಅಂಥ ಮಗುವಿಗೆ 'ನಿನ್ನ ಕಣ್ಣಿಗೆ ತಕ್ಕ ಇನ್ನೊಂದು ಆಟ ಇದೆ' ಎಂದು ಹೇಳುವವರು ಬೇಕು. ಮೇಜು ದುಬಾರಿ ಎಂಬುದು ಇಂದಿಗೂ ನಿಜ. ಆದರೆ ಒಮ್ಮೆ ಕೂಡಿಸಿದ ಸ್ಲೇಟ್ ಮೇಜು, ಬಟ್ಟೆ ಬದಲಿಸುತ್ತ ಹೋದರೆ, ತಲೆಮಾರುಗಳ ಕಾಲ ಬಾಳುತ್ತದೆ. ತಾಲ್ಲೂಕಿಗೊಂದು ಒಳಾಂಗಣ ಕ್ರೀಡಾಂಗಣದ ಮಾತು ಬಂದಾಗಲೆಲ್ಲ ಬ್ಯಾಡ್ಮಿಂಟನ್ ಅಂಕಣದ ಜತೆಗೆ 22 ಅಡಿ ಉದ್ದ, 16 ಅಡಿ ಅಗಲದ ಒಂದು ಕೋಣೆಯನ್ನೂ ಕೇಳಿದರೆ ಅದು ದೊಡ್ಡ ಬೇಡಿಕೆಯೇನೂ ಆಗಲಾರದು. ಆ ಕೋಣೆಗೆ ಕಿಟಕಿಗಳಿರಲಿ, ಹೊರಗೆ ನಿಂತವರಿಗೂ ಆಟ ಕಾಣಲಿ.

ಪೂಲ್ ಪಾರ್ಲರ್ ಎಂದರೆ ಪೋಲಿ ಹುಡುಗರ ಅಡ್ಡೆ ಎಂದು ಮೂಗು ಮುರಿಯುವ ಪಾಲಕರಿಗೂ ಒಂದು ಮಾತು. ಆಟಕ್ಕೆ ಕೆಟ್ಟ ಹೆಸರು ಬರುವುದು ಅಲ್ಲಿ ಗುರು ಇಲ್ಲದಿದ್ದಾಗ. ಗರಡಿಯಲ್ಲಿ ವಸ್ತಾದಿ ಇರುವ ತನಕ ಹುಡುಗರು ಹಾದಿ ತಪ್ಪುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಈ ಆಟಕ್ಕೂ ಅಂಥ ಗುರುವಾಗಿ ಮುಂಬಯಿಯಲ್ಲಿ ಒಬ್ಬರು ಬಾಳಿದ್ದರು. ಎರಡು ಬಾರಿ ಜಗತ್ತನ್ನು ಗೆದ್ದ ಮೇಲೆ ಕೋಲನ್ನು ಬೇರೆಯವರ ಕೈಗೆ ಇಟ್ಟವರು, ಅವರ ಗೆಲುವನ್ನು ತಮ್ಮದೆಂದು ಎಣಿಸಿದವರು. ಮುಂದಿನ ಸಲ ಯಾರಾದರೂ 'ಭಾರತದ ಮೊದಲ ವಿಶ್ವ ಚಾಂಪಿಯನ್ ಯಾರು' ಎಂದು ಕೇಳಿದರೆ, ಬೈಲಹೊಂಗಲದ ಶಾಲೆಯ ಹುಡುಗನೊಬ್ಬ ಕೈ ಎತ್ತಿ ಆ ಹೆಸರು ಹೇಳಲಿ. ಸದ್ಯಕ್ಕೆ ಅಷ್ಟಾದರೂ ಸಾಕು.